ಧ್ರುವ ಪ್ರದೇಶಗಳ ಹವಾಮಾನ ವೈಪರೀತ್ಯ

ಆರ್ಕ್ಟಿಕ್ ಮತ್ತು ಅಂಟಾರ್ಕ್ಟಿಕ ವಲಯಗಳಲ್ಲಿ ಅಪರೂಪಕ್ಕೆ ತಲೆದೋರುವ ಅತಿ ಶೀತ, ಅತಿ ಶಾಖ, ಭಾರೀ ಹಿಮಪಾತ, ಅಕಾಲಿಕ ಮಳೆ, ಬಿರುಗಾಳಿಗಳನ್ನು ಒಟ್ಟಾಗಿ ಹೀಗೆ ಕರೆಯುತ್ತಾರೆ. ಭೂಮಿ ಬಿಸಿಯಾದಂತೆ ಇವೆಲ್ಲವೂ ಹೆಚ್ಚುತ್ತವೆ ಎನ್ನುವಂತಿಲ್ಲ. ಕಡುಚಳಿಯ ದಿನಗಳು ಇಳಿಮುಖವಾಗುತ್ತವೆ. ಶಾಖದ ಅಲೆ ಮತ್ತು ಮಳೆ ಏರುತ್ತವೆ.

ಈ ಏರಿಕೆಗೆ ಒಂದು ಮುಖ್ಯ ಕಾರಣ ನೀರಾವಿ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಗಾಳಿ ಸುಮಾರು 7 ಪ್ರತಿಶತ ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. ಬೆಚ್ಚನೆಯ ಕಡಲುಗಳಿಂದ ಧ್ರುವದತ್ತ ಹರಿಯುವ ಆವಿಯ ನೀಳ ಪಟ್ಟಿಗೆ ವಾಯುಮಂಡಲದ ನದಿ ಎಂದು ಹೆಸರು. 2022ರ ಮಾರ್ಚ್‌ನಲ್ಲಿ ಇಂಥದೊಂದು ಪೂರ್ವ ಅಂಟಾರ್ಕ್ಟಿಕಕ್ಕೆ ನುಗ್ಗಿತು. ಆವಿ ಮೋಡವಾಯಿತು, ಮೋಡ ನೆಲದ ಶಾಖವನ್ನು ತಡೆಹಿಡಿಯಿತು. ಸಮುದ್ರಮಟ್ಟದಿಂದ 3,200 ಮೀಟರಿಗೂ ಎತ್ತರದಲ್ಲಿರುವ ಕಾಂಕಾರ್ಡಿಯ ಕೇಂದ್ರದಲ್ಲಿ ಮಾರ್ಚ್ 18ರಂದು ಉಷ್ಣತೆ −11.8 ಡಿಗ್ರಿಗೆ ಏರಿತು; ಅಲ್ಲಿ ಆ ಹೊತ್ತಿಗೆ −50ರ ಆಸುಪಾಸು ಇರುವುದು ವಾಡಿಕೆ. ಈ ವ್ಯತ್ಯಾಸವನ್ನೆಲ್ಲ ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಬರೆಯುವುದು ತಪ್ಪು. ಅದರ ಪಾಲು ಸುಮಾರು 2 ಡಿಗ್ರಿ ಎಂಬುದು ಮಾದರಿಗಳ ಅಂದಾಜು. ಉಳಿದದ್ದು ಗಾಳಿಯ ವಿಚಿತ್ರ ಜೋಡಣೆ. ಅದೇ ದಿನಗಳಲ್ಲಿ ಕರಾವಳಿಯ ಕಾಂಗರ್ ಹಿಮಹಾಸು ಒಡೆದುಹೋಯಿತು. ಆದರೂ ಸುರಿದ ಹಿಮ ಕರಗಿದ್ದಕ್ಕಿಂತ ಎಷ್ಟೋ ಹೆಚ್ಚಾಗಿತ್ತು.

ಆರ್ಕ್ಟಿಕ್‌ನ ಕಥೆ ಬೇರೆ. 1979ರಿಂದೀಚೆಗೆ ಅದು ಜಾಗತಿಕ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಸೈಬೀರಿಯದ ವೆರ್ಖೊಯಾನ್ಸ್ಕ್‌ನಲ್ಲಿ 2020ರ ಜೂನ್ 20ರಂದು 38 ಡಿಗ್ರಿ ದಾಖಲಾಯಿತು. ಸುದ್ದಿಯಾಗುವುದು ಇಂಥ ಅಂಕಿ. ಬದುಕಿಗೆ ಪೆಟ್ಟು ಕೊಡುವುದು ಮಾತ್ರ ಸೊನ್ನೆಯನ್ನು ತುಸುವೇ ದಾಟುವ ಚಳಿಗಾಲದ ದಿನ. ಹಿಮದ ಮೇಲೆ ಮಳೆ ಬಿದ್ದು ಮತ್ತೆ ಹೆಪ್ಪುಗಟ್ಟಿದರೆ ಗಟ್ಟಿ ಪದರವೊಂದು ಮೂಡುತ್ತದೆ. ಗೊರಸಿನಿಂದ ಹಿಮ ಕೆದಕಿ ಕಲ್ಲುಹೂವು ಮೇಯುವ ಹಿಮಸಾರಂಗಗಳಿಗೆ ಅದನ್ನು ಒಡೆಯಲಾಗದು. 2013ರ ನವೆಂಬರ್‌ನಲ್ಲಿ ಯಮಾಲ್ ಪರ್ಯಾಯ ದ್ವೀಪದಲ್ಲಿ ಹೀಗಾದಾಗ ನೆನೆಟ್ಸ್ ಸಾಕಣೆಗಾರರ ಸುಮಾರು 61,000 ಹಿಮಸಾರಂಗಗಳು ಹಸಿವಿನಿಂದ ಸತ್ತವು. ಗ್ರೀನ್‌ಲ್ಯಾಂಡ್ ಹಿಮರಾಶಿಯ ನೆತ್ತಿಯಲ್ಲೂ 2021ರ ಆಗಸ್ಟ್ 14ರಂದು ಮಳೆಯಾಯಿತು. ಅಲ್ಲಿನ ವೀಕ್ಷಣಾ ದಾಖಲೆಯಲ್ಲಿ ಅದೇ ಮೊದಲು.

ಬಿರುಗಾಳಿಗಳ ಬಗ್ಗೆ ಚಿತ್ರ ಅಷ್ಟು ನೇರವಾಗಿಲ್ಲ. ಹಿಮಗಡ್ಡೆಯ ಮೇಲಿನ ಕೊರೆಯುವ ಗಾಳಿ ತೆರೆದ ಕಡಲಿಗೆ ಇಳಿದಾಗ ಪುಟ್ಟದಾದರೂ ತೀವ್ರವಾದ ಚಂಡಮಾರುತಗಳು ಏಳುತ್ತವೆ. ಗಾಳಿ ಕಡಲಿಗಿಂತ ಬೇಗ ಬಿಸಿಯಾಗುವುದರಿಂದ ಉತ್ತರ ಅಟ್ಲಾಂಟಿಕ್‌ನಲ್ಲಿ ಇವು ಕಡಿಮೆಯಾಗಿ, ಹಿಮದ ಅಂಚಿನೊಂದಿಗೆ ಉತ್ತರಕ್ಕೆ ಸರಿಯಬಹುದು. ಆದರೆ ಕಡಲಹಿಮ ತಡವಾಗಿ ಕಟ್ಟುವ ಕಡೆಗಳಲ್ಲಿ ಹಳೆಯ ಬಲದ ಬಿರುಗಾಳಿಯೇ ದೊಡ್ಡ ಅಲೆಗಳನ್ನು ದಡಕ್ಕೆ ಅಪ್ಪಳಿಸುತ್ತದೆ. ದಡ ಕೊರೆದುಹೋಗುತ್ತಿರುವ ಅಲಾಸ್ಕದ ಶಿಶ್ಮರೆಫ್ ಗ್ರಾಮಸ್ಥರು 2016ರಲ್ಲಿ ಮತ ಹಾಕಿ ಊರನ್ನು ಬೇರೆಡೆಗೆ ಸಾಗಿಸಲು ತೀರ್ಮಾನಿಸಿದರು.