ಕೀಲಿಮಣೆಯ ಮೇಲೆ ಯಾರ ಮಾತು?

ಮಾತು ಬಾರದ ಆಟಿಸಂ ಮಗು ನೀರು ಬೇಕಾದಾಗ ತಾಯಿಯ ಮಣಿಕಟ್ಟು ಹಿಡಿದು ಎಳೆದೊಯ್ದು, ಅವಳ ಕೈಯನ್ನೇ ನಲ್ಲಿಯ ಮೇಲಿಡುವುದುಂಟು. ಬೆರಳು ತೋರಿಸುವುದಿಲ್ಲ, ಮುಖ ನೋಡುವುದಿಲ್ಲ. ಅಮೆರಿಕದ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಪ್ರಬಂಧ ಬರೆದರು. ಅವರಲ್ಲಿ ಮೂವರಿಗೆ ಮಾತೇ ಇರಲಿಲ್ಲ. ಎದುರಿನವರ ಕೈಯನ್ನು ಅವರಿಂದ ಬೇರೆಯಾದ ವಸ್ತುವೆಂಬಂತೆ ಈ ಮಕ್ಕಳು ಕಾಣುತ್ತಾರೆಂದು ಅವರು ಗುರುತಿಸಿದರು. ಅದೊಂದು ಕೋರಿಕೆಯೆಂಬುದು ತಾಯಂದಿರಿಗೆ ಗೊತ್ತಿತ್ತು. ಆದರೆ ತಾಯಂದಿರ ಮಾತಿಗೆ ಆಗ ಬೆಲೆಯೆಲ್ಲಿ? ಅವರ ಪ್ರೀತಿಯ ಕೊರತೆಯೇ ರೋಗಕ್ಕೆ ಕಾರಣವೆಂಬ ಅಪವಾದ 1960ರ ದಶಕ ದಾಟಿಯೂ ಉಳಿದಿತ್ತು.

ಇಷ್ಟು ನೊಂದವರಿಗೆ ‘ನಿಮ್ಮ ಮಗುವಿನೊಳಗೆ ಮಾತು ತುಂಬಿದೆ’ ಎಂದರೆ ಹೇಗಾಗಬೇಡ! ಆಸ್ಟ್ರೇಲಿಯದಲ್ಲಿ ರೋಸ್‌ಮರಿ ಕ್ರಾಸ್ಲಿ 1970ರ ದಶಕದಲ್ಲಿ ಆರಂಭಿಸಿದ ಒಂದು ವಿಧಾನವನ್ನು ಪ್ರೊಫೆಸರ್ ಡಗ್ಲಸ್ ಬಿಕ್ಲೆನ್ 1990ರಲ್ಲಿ ಅಮೆರಿಕದವರಿಗೆ ಪರಿಚಯಿಸಿದರು. ಸಹಾಯಕರು ಮಗುವಿನ ಕೈಗೆ ಆಸರೆ ಕೊಟ್ಟರೆ ಅದು ಕೀಲಿಮಣೆಯಲ್ಲಿ ಅಕ್ಷರ ಒತ್ತುತ್ತದೆ. ಎಂದೂ ತುಟಿ ತೆರೆಯದ ಮಕ್ಕಳಿಂದ ಪೂರ್ಣ ವಾಕ್ಯಗಳು ಬಂದವು. ಹೆತ್ತವರು ಅತ್ತರು. ಕೆಲವೆಡೆ ತಂದೆಯೇ ಕೆಡಿಸಿದನೆಂಬ ದೂರೂ ಅದೇ ಕೀಲಿಮಣೆಯಿಂದ ಹೊರಟು, ಸಂಸಾರಗಳು ನ್ಯಾಯಾಲಯದ ಮೆಟ್ಟಿಲೇರಿದವು.

ನ್ಯೂಯಾರ್ಕ್ ರಾಜ್ಯದ ಒಂದು ಕೇಂದ್ರದಲ್ಲಿ 12 ಮಂದಿಯ ಮೇಲೆ ಸರಳ ಪರೀಕ್ಷೆಯೊಂದು ನಡೆಯಿತು. ಇಬ್ಬರಿಗೂ ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಚಿತ್ರ ತೋರಿಸುವುದು. ಕೆಲವೊಮ್ಮೆ ಮಾತು ಬಾರದವರಿಗೆ ಒಂದು ಚಿತ್ರ, ಸಹಾಯಕರಿಗೆ ಇನ್ನೊಂದು. 1993ರಲ್ಲಿ ಪ್ರಕಟವಾದ ಫಲಿತಾಂಶ ನಿಷ್ಠುರವಾಗಿತ್ತು. ಸಹಾಯಕರು ಕಾಣದ ಚಿತ್ರದ ಹೆಸರು ಒಮ್ಮೆಯೂ ಮೂಡಲಿಲ್ಲ. ಅವರೇನೂ ಮೋಸಗಾರರಲ್ಲ. ಪ್ಲಾಂಚೆಟ್ ಆಟದಲ್ಲಿ ಬಟ್ಟಲು ತಾನಾಗಿ ಸರಿದಂತೆ ತೋರುತ್ತದಲ್ಲ, ಹಾಗೆಯೇ ಅವರಿಗೂ ತಮ್ಮ ಕೈ ನಡೆಸುತ್ತಿರುವುದು ತಿಳಿಯಲಿಲ್ಲ. 1994ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘ ಈ ವಿಧಾನಕ್ಕೆ ಆಧಾರವಿಲ್ಲವೆಂದು ನಿರ್ಣಯಿಸಿತು.

ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಬೆಂಗಳೂರಿನಲ್ಲಿ ಮಗ ತಿತೋಗೆ ತಾವೇ ಪಾಠ ಹೇಳಿದ ಸೋಮಾ ಮುಖೋಪಾಧ್ಯಾಯರ ವಿಧಾನ ಮುಂದೆ ಅಮೆರಿಕದಲ್ಲಿ ಹರಡಿತು. ತಿತೋ ಕೈಯಾರೆ ಬರೆಯಬಲ್ಲವರು. ಅವರ ಪುಸ್ತಕ 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಆದರೆ ಆ ವಿಧಾನದಲ್ಲಿ ಅಕ್ಷರಫಲಕ ಹಿಡಿಯುವವರು ದೊಡ್ಡವರು. ಆದ್ದರಿಂದ ಅಮೆರಿಕದ ವಾಕ್‌ಶ್ರವಣ ತಜ್ಞರ ಸಂಘ 2018ರಲ್ಲಿ ಅದರ ಬಗೆಗೂ ಎಚ್ಚರಿಕೆ ನೀಡಿತು.

ಈ ಗದ್ದಲವಿಲ್ಲದೆ ನಿಂತದ್ದು ಚಿತ್ರಕಾರ್ಡುಗಳು. 1985ರಲ್ಲಿ ಡೆಲವೇರ್ ರಾಜ್ಯದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ಈ ಕ್ರಮದಲ್ಲೂ ಮೊದಲು ಒಬ್ಬರು ಹಿಂದೆ ಕುಳಿತು, ತುಟಿ ಬಿಚ್ಚದೆ, ಮಗುವಿನ ಕೈ ನಡೆಸುತ್ತಾರೆ. ದಿನಗಳೆದಂತೆ ಆ ಕೈ ಹಿಂದೆ ಸರಿಯುತ್ತದೆ. ಕೊನೆಗೆ ಮಗು ತಾನೇ ಎದ್ದು, ನೀರಿನ ಚಿತ್ರ ಹುಡುಕಿ, ಪಕ್ಕದ ಕೋಣೆಯಲ್ಲಿರುವ ತಾಯಿಯ ಅಂಗೈಗೆ ಇಡಬೇಕು.