ನೀಲ್ಸ್ ಬಾಲ್ ಟೋಕನ್ ಉಪಕರಣ: ದೋಷಪತ್ತೆ ಮತ್ತು ದುರಸ್ತಿ

ನೀಲ್ಸ್ ಬಾಲ್ ಟೋಕನ್ ಉಪಕರಣವು ಏಕಮಾರ್ಗದ ರೈಲು ಹಳಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಓಡುವಂತೆ ಕಾಯುವ ವಿದ್ಯುತ್-ಯಾಂತ್ರಿಕ ಸಾಧನ. ಲೋಹದ ಗುಂಡೊಂದು ಇದರ ಜೀವಾಳ. ಗುಂಡು ಕೈಗೆ ಬಂದ ಚಾಲಕನಿಗೆ ಮಾತ್ರ ಮುಂದಿನ ಹಳಿಯ ಹಕ್ಕು. ಭಾರತದ ಏಕಮಾರ್ಗಗಳಲ್ಲಿ ಇದು ದಶಕಗಳ ಕಾಲ ಬಳಕೆಯಲ್ಲಿತ್ತು.

ಹಿನ್ನೆಲೆ

1874ರ ಸೆಪ್ಟೆಂಬರ್ 10ರಂದು ಇಂಗ್ಲೆಂಡಿನ ನಾರಿಚ್ ಬಳಿಯ ಥಾರ್ಪ್‌ನಲ್ಲಿ ಏಕಮಾರ್ಗದ ಮೇಲೆ ಎರಡು ಗಾಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆದವು. ತಂತಿಯ ಸಂದೇಶ, ಬಾಯಿಮಾತುಗಳನ್ನಷ್ಟೇ ನಂಬಿ ಗಾಡಿ ಬಿಡಬಾರದೆಂಬ ಪಾಠ ಅದರಿಂದ ಸಿಕ್ಕಿತು. 1878ರಲ್ಲಿ ಎಡ್ವರ್ಡ್ ಟೈಯರ್ ವಿದ್ಯುತ್ ಬೀಗವಿರುವ ಟ್ಯಾಬ್ಲೆಟ್ ಯಂತ್ರವನ್ನು ರೂಪಿಸಿದ. ಬಾಲ್ ಟೋಕನ್ ಅದೇ ಕಲ್ಪನೆಯ ಮುಂದಿನ ಕುಡಿ.

ಏಕಮಾರ್ಗಕ್ಕೆ ಕರ್ನಾಟಕದ ಒಂದು ಉದಾಹರಣೆ ನೋಡಿ: ಗದಗ ಜಿಲ್ಲೆಯ ರೋಣ ತಾಲ್ಲೂಕನ್ನು ಹಾಯ್ದು ಹೋಗುವ ಗದಗ–ಹೊಟಗಿ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ 1884ರಲ್ಲಿ ಮೀಟರ್ ಗೇಜಿನ ಏಕಮಾರ್ಗವಾಗಿ ತೆರೆಯಿತು. ಮಲಪ್ರಭೆಯ ದಡದ ಹೊಳೆ ಆಲೂರು ಈ ತಾಲ್ಲೂಕಿನ ನಿಲ್ದಾಣ. ಇಂಥ ಮಾರ್ಗದಲ್ಲಿ ಹೋಗುವ ಗಾಡಿಗೂ ಬರುವ ಗಾಡಿಗೂ ಒಂದೇ ಹಳಿ. ಟೋಕನ್ ಪದ್ಧತಿ ಹುಟ್ಟಿದ್ದೇ ಈ ತೊಡಕಿಗೆ ಪರಿಹಾರವಾಗಿ.

ರಚನೆ ಮತ್ತು ಕೆಲಸ

ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರವಿದ್ದು, ಅವೆರಡೂ ಒಂದು ತಂತಿಯಿಂದ ಜೋಡಿಯಾಗಿರುತ್ತವೆ. ಪ್ರವಾಹ ಭೂಮಿಯ ಮೂಲಕ ಮರಳುತ್ತದೆ. ಗಂಟೆ, ಗಂಟೆಯ ಗುಂಡಿ, ಸೂಜಿ ತೋರುವ ಗ್ಯಾಲ್ವನೋಸ್ಕೋಪ್, ಪ್ರವಾಹದ ದಿಕ್ಕನ್ನು ಗುರುತಿಸುವ ಪೋಲರೈಸ್ಡ್ ರಿಲೇ, ಬೀಗದ ಕಾಯಿಲ್, ಸ್ಟೇಷನ್ ಮಾಸ್ತರರ ಕೀಲಿ ಮತ್ತು ತಿರುಗುವ ಹಿಡಿ ಇದರ ಮುಖ್ಯ ಅಂಗಗಳು. ಹಿಡಿಗೆ ಮೂರು ನೆಲೆಗಳಿವೆ: ‘ಲೈನ್ ಕ್ಲೋಸ್ಡ್’, ‘ಟ್ರೈನ್ ಕಮಿಂಗ್ ಫ್ರಮ್’, ‘ಟ್ರೈನ್ ಗೋಯಿಂಗ್ ಟು’.

ಗಾಡಿ ಕಳಿಸುವ ಮಾಸ್ತರರು ಗಂಟೆಯ ಸಂಕೇತದಿಂದ ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡಲು ಒಪ್ಪಿಗೆ, ಕೇಳುತ್ತಾರೆ. ಎದುರಿನವರು ಒಪ್ಪಿ ತಮ್ಮ ಹಿಡಿಯನ್ನು ‘ಕಮಿಂಗ್ ಫ್ರಮ್’ಗೆ ತಿರುಗಿಸಿದ ಮೇಲೆಯೇ ಇವರ ಹಿಡಿ ‘ಗೋಯಿಂಗ್ ಟು’ಗೆ ಹೊರಳಿ ಗುಂಡು ಹೊರಬೀಳುತ್ತದೆ. ಅದನ್ನು ಬಳೆಯಾಕಾರದ ಹಿಡಿಕೆಗೆ ಕಟ್ಟಿದ ಚೀಲದಲ್ಲಿಟ್ಟು ಚಾಲಕನಿಗೆ ಕೊಡುತ್ತಾರೆ. ಗುಂಡಿನ ಮೇಲೆ ಕೊರೆದ ನಿಲ್ದಾಣಗಳ ಹೆಸರನ್ನು ಓದಿಕೊಂಡೇ ಚಾಲಕ ಗಾಡಿ ಬಿಡಬೇಕು. ಆ ಕಡೆಯ ಯಂತ್ರಕ್ಕೆ ಗುಂಡು ಹಾಕುವ ತನಕ ಹಿಡಿಗಳು ಮೊದಲಿನ ನೆಲೆಗೆ ಮರಳುವುದಿಲ್ಲ, ಎರಡನೆಯ ಗುಂಡೂ ಹೊರಬರುವುದಿಲ್ಲ.

ದೋಷಪತ್ತೆ

ಯಂತ್ರದ ಹೊಟ್ಟೆ ಬಿಚ್ಚುವ ಮುನ್ನ ಸೂಜಿಯನ್ನು ಓದುವುದು ಮೊದಲ ಹೆಜ್ಜೆ. ಗುಂಡಿ ಒತ್ತಿದಾಗ ಸೂಜಿ ಮಿಸುಕದಿದ್ದರೆ ಬ್ಯಾಟರಿ ಇಳಿದಿರಬಹುದು, ಗುಂಡಿಯ ಸ್ಪರ್ಶಕ ಕೂಡದಿರಬಹುದು, ತಂತಿ ಎಲ್ಲೋ ಕಡಿದಿರಬಹುದು. ಸೂಜಿ ಜೋರಾಗಿ ವಾಲಿಯೂ ಎದುರಿನ ಗಂಟೆ ಬಾರಿಸದಿದ್ದರೆ ಪ್ರವಾಹ ನಡುದಾರಿಯಲ್ಲಿ ನೆಲಕ್ಕೆ ಸೋರುತ್ತಿದೆಯೆಂದು ಶಂಕಿಸಬೇಕು. ಯಾರೂ ಕರೆಯದೆ ಗಂಟೆ ಬಾರಿಸಿದರೆ ಬೇರೊಂದು ತಂತಿ ತಗುಲಿರುವ ಸಾಧ್ಯತೆಯುಂಟು.

ಗಂಟೆ ಸರಿಯಿದ್ದೂ ಹಿಡಿ ತಿರುಗದಿದ್ದರೆ ದೋಷವನ್ನು ರಿಲೇ, ಬೀಗದ ಕಾಯಿಲ್ ಅಥವಾ ಪ್ರವಾಹದ ದಿಕ್ಕಿನಲ್ಲಿ ಹುಡುಕಬೇಕು. ಬ್ಯಾಟರಿ ಬದಲಿಸುವಾಗ ಧನ-ಋಣ ಅದಲುಬದಲಾದರೂ ಬೀಗ ಬಿಡದು. ವಿದ್ಯುತ್ತೆಲ್ಲ ಸರಿಯಿದ್ದು ಗುಂಡು ಮಾತ್ರ ಸಿಕ್ಕಿಕೊಂಡರೆ ಕಾರಣ ಯಾಂತ್ರಿಕ: ನೆಗ್ಗಿದ ಗುಂಡು, ಸವೆದ ದಾರಿ, ದೂಳಿನೊಡನೆ ಅಂಟಾದ ಹಳೆಯ ಎಣ್ಣೆ.

ಎರೆಮಣ್ಣು ಮತ್ತು ಅರ್ತಿಂಗ್

ಭೂಮಿಯೇ ಮರುದಾರಿಯಾದ್ದರಿಂದ ನೆಲದ ಗುಣವೂ ಯಂತ್ರದ ಭಾಗವೇ. ರೋಣ ತಾಲ್ಲೂಕಿನ ಎರೆನೆಲ ಮಳೆಗಾಲದಲ್ಲಿ ಹಿಗ್ಗಿ, ಬೇಸಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಇಂಥ ಮಣ್ಣು ಅರ್ತ್ ಸಲಾಕೆಯಿಂದ ದೂರ ಸರಿದರೆ ರೋಧ ಏರಿ ಪ್ರವಾಹ ಸೊರಗುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಯಂತ್ರ ಬಿರುಬಿಸಿಲಿಗೆ ಕೈಕೊಡುತ್ತದೆ. ಇಂಥ ಬ್ಲಾಕ್ ಉಪಕರಣದ ಅರ್ತ್ ರೋಧ 10 ಓಮ್ ಮೀರಬಾರದೆಂಬುದು ರೈಲ್ವೆಯ ನಿಯಮ. ಅರ್ತ್ ಗುಂಡಿಗೆ ನೀರುಣಿಸುವುದು, ಉಪ್ಪು-ಇದ್ದಿಲು ತುಂಬುವುದು ರೂಢಿಯ ಪರಿಹಾರ.

ದುರಸ್ತಿಯ ಕಟ್ಟುಪಾಡು

ಇದೇ ಬಗೆಯ ಕಾಯಿಲ್, ರಿಲೇ, ಸ್ಪರ್ಶಕಗಳಿಂದ ಕೂಡಿದ ಇನ್ನೊಂದು ಯಂತ್ರ ಅಮೆರಿಕದ ಹಳೆಯ ಪಿನ್‌ಬಾಲ್ ಆಟದ ಪೆಟ್ಟಿಗೆ. ಅಲ್ಲಿ ರಿಪೇರಿಯವನು ರಿಲೇಯನ್ನು ಬೆರಳಿನಿಂದ ಒತ್ತಿ ಪರೀಕ್ಷಿಸಿದರೆ ತಪ್ಪಿ ಹೋಗುವುದು ಹೆಚ್ಚೆಂದರೆ ಆಟದ ಅಂಕ. ಬಾಲ್ ಟೋಕನ್ನಿನಲ್ಲಿ ಹಾಗೆ ಬೀಗವನ್ನು ಪುಸಲಾಯಿಸುವಂತಿಲ್ಲ. ಸಿಗ್ನಲ್ ಸಿಬ್ಬಂದಿ ಮಾಸ್ತರರಿಗೆ ಟಿ/351 ಡಿಸ್‌ಕನೆಕ್ಷನ್ ನೋಟಿಸು ಕೊಟ್ಟು, ಒಪ್ಪಿಗೆ ಪಡೆದೇ ಮುದ್ರೆ ಒಡೆಯಬೇಕು. ದುರಸ್ತಿ ಮುಗಿಯುವ ತನಕ ಗಾಡಿಗಳು ಪೇಪರ್ ಲೈನ್ ಕ್ಲಿಯರ್ ಟಿಕೆಟ್ ಮೇಲೆ ಓಡುತ್ತವೆ. ರಿಲೇಯನ್ನು ನಿಲ್ದಾಣದಲ್ಲಿ ಬಿಚ್ಚದೆ, ಕಾರ್ಯಾಗಾರದಲ್ಲಿ ಪರೀಕ್ಷಿಸಿದ ಇನ್ನೊಂದನ್ನು ಕೂರಿಸುತ್ತಾರೆ. ಒಂದೇ ಕಡೆ ಹೆಚ್ಚು ಗಾಡಿಗಳು ಓಡಿ ಗುಂಡುಗಳೆಲ್ಲ ಒಂದು ತುದಿಯಲ್ಲಿ ಸೇರಿದರೆ ಅವನ್ನು ಲೆಕ್ಕ ಬರೆದು ಮರಳಿಸುವುದೂ ಇದೇ ಸಿಬ್ಬಂದಿಯ ಕೆಲಸ. ಗುಂಡು ಕಳೆದರೆ ಯಂತ್ರವನ್ನೇ ಬಳಕೆಯಿಂದ ತಡೆಹಿಡಿಯಬೇಕು.

ಈ ಕಟ್ಟುನಿಟ್ಟಿಗೆ ಕಾರಣ ಯಂತ್ರದ ವಿನ್ಯಾಸದಲ್ಲೇ ಇದೆ. ತಂತಿ ಕಡಿದರೂ ಬ್ಯಾಟರಿ ಸತ್ತರೂ ಗುಂಡು ಒಳಗೇ ಉಳಿಯುತ್ತದೆ. ಕೆಟ್ಟ ಯಂತ್ರ ಗಾಡಿಯನ್ನು ನಿಲ್ಲಿಸುತ್ತದೆಯೇ ಹೊರತು ಬಿಡುವುದಿಲ್ಲ. ಅದರ ಮೊಂಡುತನವನ್ನು ಉಳಿಸಿಕೊಂಡು ದೋಷ ಕಳೆಯುವುದೇ ಸರಿಯಾದ ದುರಸ್ತಿ.

ಇಂದಿನ ಸ್ಥಿತಿ

ಗದಗ–ಹೊಟಗಿ ಮಾರ್ಗ ಈಗ ಬ್ರಾಡ್ ಗೇಜಿನದು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ಆರಂಭವಾದ ನೈಋತ್ಯ ರೈಲ್ವೆಗೆ ಸೇರಿದೆ. ಜೋಡಿಮಾರ್ಗ ಬಂದೆಡೆ ಎದುರುಬದುರಿನ ಗಾಡಿಗಳಿಗೆ ಬೇರೆಬೇರೆ ಹಳಿ. ಗುಂಡಿನ ಕೆಲಸವನ್ನು ಟೋಕನ್‌ರಹಿತ ಬ್ಲಾಕ್ ಉಪಕರಣಗಳೂ ಗಾಲಿಯ ಅಚ್ಚು ಎಣಿಸುವ ಆಕ್ಸಲ್ ಕೌಂಟರ್‌ಗಳೂ ವಹಿಸಿಕೊಂಡಿವೆ. ಸಂದೇಹ ಬಂದಲ್ಲಿ ಗಾಡಿ ತಡೆಯುವ ಹಳೆಯ ಕಟ್ಟಳೆಯನ್ನೇ ಅವೂ ಪಾಲಿಸುತ್ತವೆ.