ಔಷಧಿ ಎಂಬ ಒಂದೇ ಮಾತು

ನಮ್ಮ ಹನೂರು ಕಡೆ ಔಷಧಿ ಎಂಬ ಮಾತಿಗೆ ಎರಡು ಅರ್ಥ. ಜ್ವರಕ್ಕೆ ನುಂಗುವುದೂ ಔಷಧಿ, ಹೊಲಕ್ಕೆ ಹೊಡೆಯುವುದೂ ಔಷಧಿ. ‘ಔಷ್ದಿ ತತ್ತೀನಿ’ ಎಂದು ಯಾರಾದರೂ ಕೊಳ್ಳೇಗಾಲದ ಬಸ್ಸು ಹತ್ತಿದರೆ, ಅವರು ಮೆಡಿಕಲ್ ಸ್ಟೋರಿಗೆ ಹೊರಟರೋ ಗೊಬ್ಬರದ ಅಂಗಡಿಗೋ ಎಂಬುದನ್ನು ಬೆಳೆ ಯಾವ ಹಂತದಲ್ಲಿದೆ ಎಂದು ನೋಡಿ ಊಹಿಸಬೇಕು. ‘ಔಷ್ದಿ ಕುಡ್ಕಂಡವ್ರಂತೆ’ ಎಂಬ ಸುದ್ದಿ ಬಂದರೆ ಮಾತ್ರ ಯಾವ ಔಷಧಿ ಎಂದು ಯಾರೂ ಕೇಳುವುದಿಲ್ಲ. ಮೈಸೂರಿನಲ್ಲಿ ಇತಿಹಾಸದ ಪಿಎಚ್.ಡಿ.ಗೆ ಓದುತ್ತಿರುವ ನನಗೆ ಈ ಎರಡು ಔಷಧಿಗಳ ಕತೆ ಬೇರೆ ಬೇರೆಯಲ್ಲ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು.

ನಾನು ಪಿಯುಸಿ ಓದುತ್ತಿದ್ದಾಗ ನಮ್ಮ ದೊಡ್ಡಪ್ಪ ಟೊಮೆಟೊ ಹೊಲಕ್ಕೆ ಔಷಧಿ ಹೊಡೆಯುತ್ತಿದ್ದರು. ಗಾಳಿ ಎದುರಿಗಿತ್ತು. ಬೆನ್ನಿಗೆ ಕಟ್ಟಿದ್ದ ಪಂಪಿನ ಮುಚ್ಚಳ ಸಡಿಲವಾಗಿ ಅಂಗಿಯೆಲ್ಲ ನೆನೆದಿತ್ತು. ಮಧ್ಯಾಹ್ನದ ಹೊತ್ತಿಗೆ ಬೆವರು, ಜೊಲ್ಲು, ವಾಂತಿ. ಉಸಿರಾಡಿದರೆ ಎದೆಯೊಳಗೆ ಗೊರಗೊರ ಸದ್ದು. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋದರು. ಮೊದಲು ಹೋದ ಆಸ್ಪತ್ರೆಯಲ್ಲಿ ‘ಇರೋ ಇಂಜೆಕ್ಷನ್ ಸಾಲದು, ಮುಂದಕ್ಕೆ ಹೋಗಿ’ ಎಂದು ಒಂದಿಷ್ಟು ಕೊಟ್ಟು ಕಳಿಸಿದರು. ಎರಡನೆಯ ಆಸ್ಪತ್ರೆಯಲ್ಲಿ ಒಬ್ಬ ಸಿಸ್ಟರ್ ರಾತ್ರಿಯಿಡೀ ಪಕ್ಕದಲ್ಲೇ ನಿಂತು ಇಂಜೆಕ್ಷನ್ ಕೊಡುತ್ತಲೇ ಇದ್ದರು. ಬೆಳಗಿನ ಜಾವಕ್ಕೆ ದೊಡ್ಡಪ್ಪ ಏನೇನೋ ಬಡಬಡಿಸತೊಡಗಿದರು. ಕಾಣದ ದಾರವನ್ನು ಹೊದಿಕೆಯಿಂದ ಬಿಡಿಸುವಂತೆ ಕೈ ಆಡಿಸುತ್ತಿದ್ದರು. ದೊಡ್ಡವ್ವ ‘ಗಾಳಿ ಮೆಟ್ಕಂಡದ’ ಎಂದು ಅಳುತ್ತಾ ಮಾದಪ್ಪನಿಗೆ ಹರಕೆ ಹೊತ್ತರು. ಸಿಸ್ಟರ್ ಮಾತ್ರ, ‘ಗಾಳಿ ಅಲ್ಲಮ್ಮ, ಔಷಧಿ ಸ್ವಲ್ಪ ಜಾಸ್ತಿ ಆಗಿದೆ ಅಷ್ಟೆ. ಎದೆ ಈಗ ಚೆನ್ನಾಗಿದೆ’ ಎಂದು ಔಷಧಿ ಹರಿಯುವುದನ್ನು ನಿಧಾನ ಮಾಡಿದರು. ದೊಡ್ಡಪ್ಪ ಉಳಿದರು.

ಇದನ್ನು ನಾನು ಮತ್ತೆ ನೆನೆದದ್ದು 2018ರ ಡಿಸೆಂಬರ್ 14ರಂದು. ಅಂದು ಶುಕ್ರವಾರ. ಹನೂರು ಸೀಮೆಯ ಸುಳವಾಡಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆ. ಪೂಜೆ ಮುಗಿದ ಮೇಲೆ ಭಕ್ತರಿಗೆ ಪ್ರಸಾದವಾಗಿ ಟೊಮೆಟೊ ಬಾತ್ ಹಂಚಿದರು. ತಿಂದ ಸ್ವಲ್ಪ ಹೊತ್ತಿಗೆ ಜನ ವಾಂತಿ ಮಾಡಿಕೊಂಡು ಬೀಳತೊಡಗಿದರು. ಎಸೆದ ಅನ್ನ ತಿಂದ ಕಾಗೆಗಳೂ ಸತ್ತವು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 17 ಜನ ತೀರಿಕೊಂಡರು. ಸತ್ತವರಲ್ಲಿ ಬಿದರಹಳ್ಳಿ, ಎಂ.ಜಿ. ದೊಡ್ಡಿಯಂಥ ಸುತ್ತಲ ಊರುಗಳ ಕೂಲಿಯವರೂ ಸಣ್ಣ ರೈತರೂ ಇದ್ದರು. ಅನ್ನದಲ್ಲಿದ್ದದ್ದು ಮೊನೊಕ್ರೋಟೊಫಾಸ್ ಎಂಬ ಕೀಟನಾಶಕವೆಂದು ಪ್ರಯೋಗಾಲಯ ಹೇಳಿತು. ಯಾರು ಬೆರೆಸಿದರು, ಏಕೆ ಎಂಬುದು ನ್ಯಾಯಾಲಯದ ವಿಷಯ. ನನ್ನ ಪ್ರಶ್ನೆ ಬೇರೆ: ಅಂದು ಉಳಿದವರು ಉಳಿದದ್ದು ಹೇಗೆ?

ಈ ಭಾಗದ ರಸ್ತೆಯನ್ನು ಬಲ್ಲವರಿಗೆ ಆ ಪ್ರಶ್ನೆಯ ತೂಕ ಗೊತ್ತು. ಸುಳವಾಡಿಯಿಂದ ಹನೂರಿಗೆ ಬಂದು, ಕಾಮಗೆರೆ ದಾಟಿ ಕೊಳ್ಳೇಗಾಲ ಮುಟ್ಟಬೇಕು. ಅಲ್ಲಿಂದ ಮೈಸೂರಿಗೆ ಇನ್ನೂ ಸುಮಾರು 60 ಕಿ.ಮೀ. ಕಾಮಗೆರೆಯ ಮಿಷನ್ ಆಸ್ಪತ್ರೆಗೆ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ ಕೈಗೆ ಸಿಕ್ಕ ಗಾಡಿಯಲ್ಲಿ ಜನರನ್ನು ತಂದರು. ಹಲವರಿಗೆ ವೆಂಟಿಲೇಟರ್ ಬೇಕಾಗಿತ್ತು. ಒಂದು ಆಸ್ಪತ್ರೆಗೆ ಹಿಡಿಸದ ಸಂಖ್ಯೆ ಅದು. ಹಾಗಾಗಿ ಮೈಸೂರಿನ ಸರ್ಕಾರಿ, ಖಾಸಗಿ ಆಸ್ಪತ್ರೆಗಳಿಗೆ ಅವರನ್ನು ಹಂಚಬೇಕಾಯಿತು. ಈ ದಾರಿಯುದ್ದಕ್ಕೂ ಅವರ ಜೀವ ಹಿಡಿದಿಡಬಲ್ಲ ಮುಖ್ಯ ಮದ್ದು ಒಂದೇ, ಅಟ್ರೋಪಿನ್. ದೊಡ್ಡಪ್ಪನಿಗೆ ಕೊಟ್ಟದ್ದೂ ಅದೇ.

ವಿಷ ಮತ್ತು ಮದ್ದು, ಎರಡರ ಹುಟ್ಟೂ ನಮ್ಮಿಂದ ದೂರದಲ್ಲಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಗೆರ್ಹಾರ್ಡ್ ಶ್ರಾಡರ್ 1936ರಲ್ಲಿ ಕೀಟಗಳನ್ನು ಕೊಲ್ಲುವ ರಂಜಕದ ಸಂಯುಕ್ತಗಳನ್ನು ಹುಡುಕುತ್ತಿದ್ದಾಗ ಟಾಬುನ್ ಎಂಬ ನರವಿಷ ಸಿಕ್ಕಿತು. ಸೈನ್ಯ ಅದನ್ನು ಯುದ್ಧಕ್ಕೆಂದು ಇಟ್ಟುಕೊಂಡಿತು. ಅದೇ ಕುಲದ ಪ್ಯಾರಾಥಿಯಾನ್‌ನಂಥವು ಯುದ್ಧ ಮುಗಿದ ಮೇಲೆ ಹೊಲಕ್ಕೆ ಬಂದವು. ಇವೆಲ್ಲ ಕೆಲಸ ಮಾಡುವ ರೀತಿ ಒಂದೇ. ನಮ್ಮ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಅಪ್ಪಣೆ ಒಯ್ಯುತ್ತದೆ. ಕೆಲಸ ಮುಗಿದೊಡನೆ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಅಪ್ಪಣೆ ನಿಲ್ಲುವುದೇ ಇಲ್ಲ. ಕಣ್ಣೀರು, ಜೊಲ್ಲು, ಬೆವರು ಸುರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಶ್ವಾಸಕೋಶದೊಳಗೆ ನೀರು ತುಂಬುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ನೀರಿಗಿಳಿಯದೆಯೇ ಮನುಷ್ಯ ಮುಳುಗಿದಂತೆ.

ಅಟ್ರೋಪಿನ್ ಇದಕ್ಕಿಂತ ನೂರು ವರ್ಷ ಹಳೆಯದು. ಬೆಲ್ಲಡೋನ ಎಂಬ ಗಿಡದಿಂದ ಅದನ್ನು 1830ರ ದಶಕದಲ್ಲೇ ಬೇರ್ಪಡಿಸಿದ್ದರು. ನಮ್ಮ ಹಿತ್ತಲ ಉಮ್ಮತ್ತಿಯೂ ಅದೇ ವಂಶದ್ದು, ಅದರ ಕಾಯಿಯಲ್ಲೂ ಇದೇ ಜಾತಿಯ ವಿಷವಿದೆ. ಎಡಿನ್‌ಬರೋದ ಥಾಮಸ್ ಫ್ರೇಸರ್ 1870ರ ಸುಮಾರಿಗೆ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಆಫ್ರಿಕಾದ ಕಲಬಾರ್ ಎಂಬ ವಿಷದ ಅವರೆಗೆ ಅಟ್ರೋಪಿನ್ ಎದುರುಮದ್ದು ಎಂದು ತೋರಿಸಿದರು. ಆ ಅವರೆ ಕಟ್ಟಿಹಾಕುವುದೂ ಇದೇ ಕಿಣ್ವವನ್ನು. ಕೀಟನಾಶಕಗಳು ಬಂದಾಗ ವೈದ್ಯರ ಕೈಯಲ್ಲಿ ಉತ್ತರ ಆಗಲೇ ಇತ್ತು.

ಉತ್ತರ ಇದ್ದರೂ ಜನ ಸತ್ತರು. 1958ರ ಏಪ್ರಿಲ್, ಮೇ ತಿಂಗಳಲ್ಲಿ ಕೇರಳ ಮತ್ತು ಮದ್ರಾಸ್ ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತದ್ದು, ಹಡಗಿನಲ್ಲಿ ಸಾಗಿಸುವಾಗ ಪ್ಯಾರಾಥಿಯಾನ್ ಸೋರಿ ಗೋಧಿಹಿಟ್ಟಿಗೆ ಸೇರಿದ್ದರಿಂದ. ಆ ದುರಂತದ ವಿಚಾರಣೆಯ ಫಲವಾಗಿ ನಮಗೆ 1968ರ ಕೀಟನಾಶಕ ಕಾಯ್ದೆ ಬಂತು. 2013ರ ಜುಲೈ 16ರಂದು ಬಿಹಾರದ ಗಂಡಾಮನ್ ಊರಿನ ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತಾಗ ಅಲ್ಲಿದ್ದದ್ದೂ ಮೊನೊಕ್ರೋಟೊಫಾಸ್. ಐದು ವರ್ಷದ ಮೇಲೆ ಸುಳವಾಡಿ.

ಮದ್ದು ಗೊತ್ತಿದ್ದೂ ಇಷ್ಟು ಸಾವು ಏಕೆ ಎಂಬ ಪ್ರಶ್ನೆಯನ್ನು ಹಿಡಿದು ಕೂತವರು ಬಹುಪಾಲು ನಮ್ಮ ನೆರೆಹೊರೆಯ ವೈದ್ಯರು. ಪಶ್ಚಿಮದ ದೇಶಗಳಲ್ಲಿ ಇಂಥ ರೋಗಿಗಳು ಅಪರೂಪ. ವೆಲ್ಲೂರಿನಲ್ಲಿ, ಮಹಾರಾಷ್ಟ್ರದ ಬಾರಾಮತಿಯಲ್ಲಿ, ಶ್ರೀಲಂಕಾದ ಅನುರಾಧಪುರ ಹಾಗೂ ಪೊಲನ್ನರುವದಲ್ಲಿ, ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ವಾರ್ಡುಗಳು ತುಂಬಿರುತ್ತಿದ್ದವು. ಸಂಶೋಧನೆ ನಡೆದದ್ದು ಅಲ್ಲಿ.

ಮೊದಲು ಅವರು ನೋಡಿದ್ದು ಪುಸ್ತಕಗಳನ್ನೇ. ಅಟ್ರೋಪಿನ್ ಎಷ್ಟು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕೆಂದು ಪಠ್ಯಗಳು ಮೂವತ್ತಕ್ಕೂ ಹೆಚ್ಚು ಬಗೆಯಲ್ಲಿ ಹೇಳುತ್ತಿದ್ದವು ಎಂಬುದು 2004ರ ಒಂದು ಹೋಲಿಕೆಯಲ್ಲಿ ಹೊರಬಿತ್ತು. ಕೆಲವು ಪುಸ್ತಕ ಹಿಡಿದು ಹೋದರೆ ರೋಗಿಗೆ ಸಾಕಷ್ಟು ಮದ್ದು ಸೇರಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಅವನ ಶ್ವಾಸಕೋಶ ಕಾಯುವುದಿಲ್ಲ. ಚಿತ್ತಗಾಂಗ್‌ನ ವೈದ್ಯರು ಇದನ್ನು ಪರೀಕ್ಷೆಗೆ ಒಡ್ಡಿ 2012ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಹಳೆಯ ಪದ್ಧತಿಯಂತೆ ಬಿಡಿಬಿಡಿಯಾಗಿ ಇಂಜೆಕ್ಷನ್. ಇನ್ನೊಂದಕ್ಕೆ ಕೆಲವೇ ನಿಮಿಷಕ್ಕೊಮ್ಮೆ ಪ್ರಮಾಣವನ್ನು ಏರಿಸುತ್ತಾ, ಎದೆ ತಿಳಿಯಾದ ಮೇಲೆ ಡ್ರಿಪ್ಪಿನಲ್ಲಿ. ಹಳೆಯ ಪದ್ಧತಿಯಲ್ಲಿ ಮದ್ದು ಹಿಡಿಯಲು ಸರಾಸರಿ ಸುಮಾರು 150 ನಿಮಿಷ ಬೇಕಾಯಿತು, ಹೊಸದರಲ್ಲಿ 24 ನಿಮಿಷ. ಸಾವಿನ ಪ್ರಮಾಣ ಶೇ. 22.5ರಿಂದ ಶೇ. 8ಕ್ಕೆ ಇಳಿಯಿತು. ಮದ್ದು ಅದೇ, ಕೊಡುವ ಕ್ರಮ ಮಾತ್ರ ಬೇರೆ.

ಈ ಕ್ರಮಕ್ಕೆ ಯಂತ್ರ ಬೇಡ, ಪಕ್ಕದಲ್ಲಿ ಮನುಷ್ಯರು ಬೇಕು. ಪ್ರತಿ ಐದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತೊಸ್ಕೋಪ್ ಇಟ್ಟು, ಗೊರಗೊರ ನಿಂತಿತೇ, ನಾಡಿ ಚುರುಕಾಯಿತೇ, ಬಿಪಿ ಸರಿಯಿದೆಯೇ ಎಂದು ನೋಡಬೇಕು. ಹಿಂದೆ ಕಣ್ಣಿನ ಪಾಪೆ ಅಗಲವಾಗುವುದನ್ನೇ ಗುರುತಾಗಿ ಹಿಡಿಯುತ್ತಿದ್ದರು. ಈಗ ಎದೆಯ ಸದ್ದೇ ಮುಖ್ಯ ಗುರುತು. ಮದ್ದು ಮಿತಿ ಮೀರಿದರೆ ರೋಗಿ ಬಡಬಡಿಸುತ್ತಾನೆ, ಕಾಣದ ದಾರ ಬಿಡಿಸುತ್ತಾನೆ. ಉಮ್ಮತ್ತಿ ತಿಂದವರೂ ಹಾಗೆಯೇ ಆಡುತ್ತಾರೆ. ದೊಡ್ಡವ್ವ ಗಾಳಿ ಎಂದುಕೊಂಡದ್ದು ಇದನ್ನು. ಆ ಸಿಸ್ಟರ್ ಯಾವ ಪ್ರಬಂಧ ಓದಿದ್ದರೋ ಕಾಣೆ, ಕೆಲಸ ಮಾತ್ರ ಚಿತ್ತಗಾಂಗ್‌ನವರು ಬರೆದಂತೆಯೇ ಮಾಡಿದ್ದರು.

ಎಲ್ಲ ಪ್ರಯೋಗಗಳೂ ಹೀಗೆ ಸಲೀಸಾದ ಉತ್ತರ ಕೊಡಲಿಲ್ಲ. ಕಟ್ಟಿಬಿದ್ದ ಕಿಣ್ವವನ್ನು ಬಿಡಿಸಲು 1950ರ ದಶಕದಲ್ಲಿ ಕಂಡುಹಿಡಿದ ಪ್ರಾಲಿಡಾಕ್ಸಿಮ್ ಎಂಬ ಮದ್ದಿದೆ. ಬಾರಾಮತಿಯ 200 ರೋಗಿಗಳ ಅಧ್ಯಯನ 2006ರಲ್ಲಿ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಸತತವಾಗಿ ಕೊಟ್ಟರೆ ಲಾಭವಿದೆ ಎಂದಿತು. ಶ್ರೀಲಂಕಾದ 235 ರೋಗಿಗಳ ಅಧ್ಯಯನ 2009ರಲ್ಲಿ ಲಾಭ ಕಾಣಲಿಲ್ಲ ಎಂದಿತು. ವೆಲ್ಲೂರಿನವರೂ ಅದಕ್ಕೆ ಮೊದಲೇ ಅನುಮಾನ ಎತ್ತಿದ್ದರು. ಹೊಟ್ಟೆಯ ವಿಷ ಹೀರಲೆಂದು ಕೊಡುವ ಇದ್ದಿಲಪುಡಿಯ ಬಗ್ಗೆ ಶ್ರೀಲಂಕಾದಲ್ಲಿ 4,600ಕ್ಕೂ ಹೆಚ್ಚು ರೋಗಿಗಳನ್ನು ನೋಡಿ, ಪದೇ ಪದೇ ಕೊಡುವುದರಿಂದ ಸಾವು ಕಡಿಮೆಯಾಗುವುದಿಲ್ಲ ಎಂದು 2008ರಲ್ಲಿ ಹೇಳಿದರು. ನಮ್ಮ ಊರುಗಳಲ್ಲಿ ಈಗಲೂ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸುತ್ತಾರೆ. ಪ್ರೀತಿಯಿಂದಲೇ ಮಾಡುವುದು. ಆದರೆ ಪ್ರಜ್ಞೆ ತಪ್ಪುತ್ತಿರುವವರ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅದೇ ಪ್ರಾಣಕ್ಕೆ ಮುಳುವು. ಒದ್ದೆ ಬಟ್ಟೆ ತೆಗೆದು, ಮೈ ತೊಳೆದು, ಎಡಮಗ್ಗುಲಿಗೆ ಮಲಗಿಸಿ, ತಡಮಾಡದೆ ಗಾಡಿ ಹತ್ತಿಸುವುದೇ ನಾವು ಮಾಡಬಹುದಾದ ಚಿಕಿತ್ಸೆ.

ಇಂಥ ಸಂಶೋಧನೆ ದೊಡ್ಡೂರಿನವರ ಕೆಲಸ, ನಮ್ಮ ಕಡೆಯವರು ಬರೀ ರೋಗಿಗಳು ಎಂದು ಬಹಳ ದಿನ ತಿಳಿದಿದ್ದೆ. ಅದು ತಪ್ಪೆಂದು ತೋರಿಸಿದ್ದು ಕೊಳ್ಳೇಗಾಲಕ್ಕೆ ಕೂಗಳತೆಯ ಯಳಂದೂರು. ಈ ಎರಡು ಊರು ಅಕ್ಕಪಕ್ಕದವಾದರೂ 1956ರವರೆಗೆ ಬೇರೆ ಬೇರೆ ರಾಜ್ಯದವು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಮೈಸೂರು ಸೀಮೆ, ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯದು. ಎರಡೂ ಕಡೆಯವರಿಗೆ ಮೊದಲಿಂದಲೂ ದೊಡ್ಡ ಆಸ್ಪತ್ರೆ ದೂರವೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ 1981ರಲ್ಲಿ ಕೆಲಸ ಕಟ್ಟಿದ್ದು ಆ ದೂರವನ್ನು ಕಂಡೇ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಯಳಂದೂರಿನ ಸುಮಾರು 65 ಸಾವಿರ ಜನರ ನಡುವೆ ಮನೆಮನೆಗೆ ಹೋಗಿ ಮೂರ್ಛೆರೋಗವಿದ್ದವರನ್ನು ಗುರುತಿಸಿದರು. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಮೂರ್ಛೆ ಅವರಲ್ಲಿ ನೂರಕ್ಕೆ ಏಳರಷ್ಟು ಮಂದಿಗಿತ್ತು. ಫೀನೊಬಾರ್ಬಿಟಲ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನೇ ಕೊಟ್ಟು ಐದು ವರ್ಷ ಹಿಂಬಾಲಿಸಿದರು. ಹಳ್ಳಿಯಲ್ಲೇ ಮೂರ್ಛೆರೋಗವನ್ನು ಹತೋಟಿಗೆ ತರಬಹುದು ಎಂಬ ಆ ಫಲಿತಾಂಶ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆಸರೇ ‘ಯಳಂದೂರು ಅಧ್ಯಯನ’.

ಮೂರ್ಛೆ ಬಂದು ಒಲೆಗೆ ಬೀಳುವುದು, ಕೆರೆಗೆ ಬೀಳುವುದು ತುರ್ತು ಚಿಕಿತ್ಸೆಯ ವಿಷಯ. ಬೀಳದಂತೆ ಮಾತ್ರೆ ತಲುಪಿಸುವುದು ಅದಕ್ಕಿಂತ ಹಿಂದಿನ ಹೆಜ್ಜೆ. ಕೀಟನಾಶಕದ ವಿಷಯದಲ್ಲೂ ಅಂಥ ಹಿಂದಿನ ಹೆಜ್ಜೆಯೊಂದಿದೆ. ಶ್ರೀಲಂಕಾ 1995ರಲ್ಲಿ ಮೊನೊಕ್ರೋಟೊಫಾಸನ್ನು ನಿಷೇಧಿಸಿತು. ಅಂಥ ಒಂದೊಂದೇ ಉಗ್ರ ವಿಷಗಳನ್ನು ಕೈಬಿಡುತ್ತಾ ಹೋದ ಮುಂದಿನ ಹತ್ತು ವರ್ಷದಲ್ಲಿ ಆ ದೇಶದ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಳಿಯಿತು, ಬೆಳೆ ಕಡಿಮೆಯಾಗಲಿಲ್ಲ. ಕೇರಳ 2011ರಲ್ಲಿ ಅದನ್ನು ಬಿಟ್ಟಿತು. ಭಾರತ ಸರ್ಕಾರ 2005ರಲ್ಲಿ ತರಕಾರಿಗೆ ಬಳಸಬೇಡಿ ಎಂದಷ್ಟೇ ಹೇಳಿತ್ತು. ಹೆಚ್ಚಾಗಿ ಮಾರಾಟವಾಗುತ್ತಿದ್ದ ಶೇ. 36ರ ದ್ರಾವಣವನ್ನು ನಿಷೇಧಿಸಿದ್ದು 2023ರಲ್ಲಿ. ಅಷ್ಟರಲ್ಲಿ ಸುಳವಾಡಿಗೆ ಐದು ವರ್ಷ ತುಂಬುತ್ತಿತ್ತು.

ನಾವು ಇತಿಹಾಸದ ವಿದ್ಯಾರ್ಥಿಗಳು ಕಾಯ್ದೆ, ಕಡತ, ಇಸವಿಗಳನ್ನು ಹುಡುಕುತ್ತೇವೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಶುರುವಾಯಿತು, 2009ರಲ್ಲಿ ತುರ್ತು ಚಿಕಿತ್ಸೆ ದೇಶದಲ್ಲಿ ಪ್ರತ್ಯೇಕ ಎಂ.ಡಿ. ವಿಷಯವಾಯಿತು ಎಂದು ಬರೆದುಕೊಳ್ಳುತ್ತೇವೆ. ಅವು ಬೇಕು. ಆದರೆ ಹನೂರಿನ ರಸ್ತೆಯಲ್ಲಿ ಜೀವ ಉಳಿಯುವುದು ಮೊದಲು ಸಿಗುವ ಆಸ್ಪತ್ರೆಯ ಕಪಾಟಿನಲ್ಲಿ ಸಾಕಷ್ಟು ಅಟ್ರೋಪಿನ್ ಇದ್ದರೆ, ಐದೈದು ನಿಮಿಷಕ್ಕೆ ಎದೆ ಕೇಳುವ ಒಬ್ಬರು ಇದ್ದರೆ. ದೊಡ್ಡಪ್ಪನಿಗೆ ಮೊದಲನೆಯದು ಸಾಲದೆ ಬಂತು, ಎರಡನೆಯದು ಅದೃಷ್ಟದಿಂದ ಸಿಕ್ಕಿತು. ಅದೃಷ್ಟಕ್ಕೆ ಬಿಡದೆ ಎಲ್ಲರಿಗೂ ಸಿಗುವಂತೆ ಮಾಡುವುದು ಹೇಗೆಂದು ಚಿತ್ತಗಾಂಗ್ ಮತ್ತು ಯಳಂದೂರಿನವರು ಲೆಕ್ಕ ಇಟ್ಟು ತೋರಿಸಿದ್ದಾರೆ.

ಈ ಬರಹಕ್ಕೆ ಕೂತಾಗ ದೊಡ್ಡಪ್ಪನನ್ನು ಆ ರಾತ್ರಿಯ ಬಗ್ಗೆ ಕೇಳಿದೆ. ಬಡಬಡಿಸಿದ್ದು, ದೊಡ್ಡವ್ವ ಅತ್ತದ್ದು, ಹರಕೆ ಹೊತ್ತದ್ದು ಒಂದೂ ಅವರಿಗೆ ನೆನಪಿಲ್ಲ. ‘ಎದ ಮ್ಯಾಕ ತಣ್ಣಗ ಏನೋ ಮಡಗಿ ಮಡಗಿ ತಗೀತಿದ್ರು ಕನ ಮಗ. ಅಷ್ಟೇ ಗೆಪ್ತಿ’ ಎಂದರು.